ಘನ ಉದ್ದೇಶವೂ ಕಬ್ಬಿಣದ ರ‍್ಯಾಕೂ

ಸರ್ಕಾರಿ ಕಚೇರಿಯಲ್ಲಿ ಯಾರಿಗಾದರೂ ಒಂದು ಘನವಾದ ಉದ್ದೇಶ ಹುಟ್ಟಿಕೊಂಡರೆ ಅದು ಅವರಿಗಿಂತ ಮೊದಲು ಅಟೆಂಡರಿಗೆ ಗೊತ್ತಾಗುತ್ತದೆ. ಅಂಥವರು ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬಂದುಬಿಡುತ್ತಾರೆ. ಮೇಜನ್ನು ಕಿಟಕಿ ಕಡೆಗೆ ತಿರುಗಿಸಿ ಹಾಕಿ ಎನ್ನುತ್ತಾರೆ. ಹೊಸ ಡೈರಿ ಕೊಂಡು ಮೊದಲ ಪುಟದಲ್ಲಿ ಏನನ್ನೋ ಬರೆದು, ಅದರಡಿ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆಯುತ್ತಾರೆ. ಎರಡನೆಯ ಪುಟದಲ್ಲಿ ಹಾಲಿನವನ ಲೆಕ್ಕವಿರುತ್ತದೆ, ಆ ಮಾತು ಬೇರೆ. ನಮ್ಮ ಕಚೇರಿಯ ಅಟೆಂಡರು ನನಗಿಂತ ಹಿರಿಯರು, ಇಂಥವರನ್ನು ಬಹಳ ಕಂಡವರು. ನನ್ನ ಮೇಜಿನ ಒಂದು ತುದಿ ಹಿಡಿದು ಎತ್ತುವಾಗಲೇ ಕೇಳಿದರು: "ಮತ್ತೆ ವಾಪಸ್ ಯಾವಾಗ ತಿರುಗಿಸ್ಬೇಕು ಸಾರ್?"

ಆಗ ನಾನು ಮಲೆನಾಡಿನ ಒಂದು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರ. ಊರಿನ ಹೆಸರು ಬೇಡ. ಅಲ್ಲಿನವರು ಒಳ್ಳೆಯವರು, ಇವತ್ತಿಗೂ ದೀಪಾವಳಿಗೆ ಫೋನ್ ಮಾಡುತ್ತಾರೆ. ನನ್ನ ಉದ್ದೇಶವಾದರೋ ಕಚೇರಿಯ ಹಿಂಬದಿಯ ರೆಕಾರ್ಡ್ ರೂಮಿಗೆ ಸಂಬಂಧಪಟ್ಟದ್ದು. ಮಂಗಳೂರು ಹೆಂಚಿನ ಮಾಡು, ಒಂದೇ ಕಿಟಕಿ, ಆ ಕಿಟಕಿಗೂ ಅಡ್ಡಲಾಗಿ ಒಂದು ಕಪಾಟು. ಯಾವ ಹೆಂಚು ಯಾವ ವರ್ಷದ ಕಡತದ ಮೇಲೆ ಸೋರುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ ಗುಮಾಸ್ತರೊಬ್ಬರು ಹಿಂದೆ ಇದ್ದರಂತೆ. ಅವರು ನಿವೃತ್ತರಾದಾಗ ಹಾರ ಹಾಕಿ, ಶಾಲು ಹೊದಿಸಿ ಕಳಿಸಿದರು. ಆ ವಿದ್ಯೆಯನ್ನು ಬರೆದಿಟ್ಟುಕೊಳ್ಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ದರಖಾಸ್ತು, ಖಾತೆ ಬದಲಾವಣೆ, ಇನಾಂ ರದ್ದತಿ, ಭೂ ನ್ಯಾಯಮಂಡಳಿ ಎಲ್ಲವೂ ಬಟ್ಟೆಯ ಗಂಟುಗಳಲ್ಲಿ ಒಂದರ ಮೇಲೊಂದು ಕೂತಿದ್ದವು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದ್ದವು ನಿಜ. ಆದರೆ ಆ ಪಹಣಿಯಲ್ಲಿ ಹೆಸರು ಹೇಗೆ ಬಂತು ಎಂದು ಯಾರಾದರೂ ಕೇಳಿದರೆ ಮತ್ತೆ ಇದೇ ಕೋಣೆಯ ಬೀಗ ತೆಗೆಯಬೇಕು, ಮೂಗಿಗೆ ಕರವಸ್ತ್ರ ಕಟ್ಟಬೇಕು.

ನಕಲಿಗೆ ಅರ್ಜಿ ಹಾಕಿದ ರೈತರಿಗೆ ನಾವು ಕೊಡುತ್ತಿದ್ದ ಹಿಂಬರಹ ಸಾಮಾನ್ಯವಾಗಿ ಒಂದೇ: ಹುಡುಕಲಾಗಿ ಕಡತ ದೊರೆತಿರುವುದಿಲ್ಲ. ಎಷ್ಟು ಸಲ ಕೊಟ್ಟಿದ್ದೆವೆಂದರೆ, ತಾರೀಖಿಗೂ ಹೆಸರಿಗೂ ಜಾಗ ಬಿಟ್ಟು ಅದರ ಜೆರಾಕ್ಸ್ ಪ್ರತಿಗಳನ್ನು ಮೊದಲೇ ಮಾಡಿಟ್ಟುಕೊಂಡಿದ್ದೆವು. ಹುಡುಕುವ ಮೊದಲೇ ದೊರೆಯದಿರುವ ಕಡತಗಳು! ಇದು ನಿಲ್ಲಬೇಕು, ಹೋಬಳಿವಾರು, ಗ್ರಾಮವಾರು, ವರ್ಷವಾರು ಎಲ್ಲವನ್ನೂ ಜೋಡಿಸಿ ಸೂಚಿ ಬರೆಯಬೇಕು ಎನ್ನುವುದೇ ಡೈರಿಯ ಮೊದಲ ಪುಟದಲ್ಲಿ ಗೆರೆ ಎಳೆಸಿಕೊಂಡ ಸಂಕಲ್ಪ. ಒಬ್ಬನಿಂದ ಆಗುವ ಕೆಲಸವಲ್ಲ. ಕಚೇರಿಯ ಎಲ್ಲರೂ ತಮ್ಮ ಮಾಮೂಲಿ ಕೆಲಸದ ಮೇಲೆ ಇದಕ್ಕೂ ಕೈ ಹಾಕಬೇಕು. ಹಾಕಬೇಕಾದರೆ ನನ್ನ ಎದೆಯಲ್ಲಿ ಉರಿಯುತ್ತಿರುವುದು ಅವರ ಎದೆಗೂ ತಾಗಬೇಕಲ್ಲ? ಹಾಗೆಂದು ನಾನು ಒಂದು ಸುತ್ತೋಲೆ ಬರೆದೆ.

ಸುತ್ತೋಲೆ ಬರೆಯುವಾಗ ನನ್ನೊಳಗಿನ ಸಾಹಿತಿ ಎದ್ದು ಕೂರುತ್ತಾನೆ, ಏನು ಮಾಡಲಿ. "ದಾಖಲೆಗಳು ನಾಡಿನ ಸ್ಮೃತಿಕೋಶ, ಅವುಗಳ ಸಂರಕ್ಷಣೆಯು ನಮ್ಮೆಲ್ಲರ ನೈತಿಕ ಉತ್ತರದಾಯಿತ್ವ" ಎಂದು ಶುರುವಾಗಿ ಎರಡು ಪುಟ ಹರಿಯಿತು. ಸಂಜೆಯ ಹೊತ್ತಿಗೆ ಎಲ್ಲರೂ "ನೋಡಿದೆ" ಎಂದು ಸಹಿ ಹಾಕಿದ ಪ್ರತಿ ನನ್ನ ಮೇಜಿಗೆ ವಾಪಸ್ ಬಂತು. ಹೆರಿಗೆ ರಜೆಯಲ್ಲಿದ್ದವರ ಸಹಿಯೂ ಅದರಲ್ಲಿತ್ತು. ಕೊನೆಯ ಸಹಿ ಯಾರದೆಂದು ತಿಳಿಯದೆ ವಿಚಾರಿಸಿದರೆ, ಅದು ಆದಾಯ ಪ್ರಮಾಣಪತ್ರಕ್ಕೆ ಬಂದಿದ್ದ ಒಬ್ಬ ಯಜಮಾನರದು. ಎಲ್ಲರೂ ಹಾಕುತ್ತಿದ್ದಾರಲ್ಲ, ತಮ್ಮದೂ ಬೇಕಿರಬಹುದೆಂದು ಹಾಕಿ ಹೋಗಿದ್ದರು. ನನ್ನ ಸುತ್ತೋಲೆಯನ್ನು ಪೂರ್ತಿ ಓದಿದವರು ಅವರೊಬ್ಬರೇ ಎಂದು ಅಟೆಂಡರು ಆಮೇಲೆ ಹೇಳಿದರು. ಸರತಿ ಉದ್ದವಿತ್ತಂತೆ, ಹೊತ್ತು ಹೋಗಬೇಕಿತ್ತಂತೆ.

ಬರಹ ಸೋತರೆ ಮಾತಿದೆಯಲ್ಲ. ತಿಂಗಳ ಸಭೆಯಲ್ಲಿ ಹತ್ತು ನಿಮಿಷ ಕೊಡಿ ಎಂದು ತಹಶೀಲ್ದಾರರನ್ನು ಕೇಳಿಕೊಂಡೆ. ದಾಖಲೆಯ ಮಹತ್ವ ಹೇಳುವುದೆಂದರೆ ಬುಡದಿಂದ ಹೇಳಬೇಡವೇ? ಮಸ್ಕಿಯ ಅಶೋಕ ಶಾಸನದಿಂದ ಹಿಡಿದೆ. 1915ರಲ್ಲಿ ಅದು ಬೆಳಕಿಗೆ ಬಂದದ್ದು, 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಅದರಲ್ಲಿ ಇದ್ದದ್ದು, ಒಂದು ಬಂಡೆ ಉಳಿದದ್ದರಿಂದ ಒಬ್ಬ ಚಕ್ರವರ್ತಿಯ ಗುರುತು ಹತ್ತಿದ್ದು ಎಲ್ಲವನ್ನೂ ವಿವರಿಸಿ ಹಲ್ಮಿಡಿಯ ಕಡೆಗೆ ಹೊರಟೆ. ಹಲ್ಮಿಡಿ ತಲುಪುವಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನ್ ನಿಂತ ಸಭೆಯಲ್ಲಿ ಕದಂಬರನ್ನೂ ಹೊಯ್ಸಳರನ್ನೂ ದಾಟಿ ನಮ್ಮ ರೆಕಾರ್ಡ್ ರೂಮಿನ ಬಾಗಿಲಿಗೆ ಬಂದು ನಿಂತಾಗ ಚಪ್ಪಾಳೆಯೇನೋ ಜೋರಾಗಿಯೇ ಬಂತು. ಅದು ಮುಗಿಯಿತೆಂಬ ಸಂತೋಷಕ್ಕೆ ಇರಬಹುದೆಂಬ ಅನುಮಾನ ನನಗೆ ಆಗ ಬರಲಿಲ್ಲ.

ತಹಶೀಲ್ದಾರರು ಎದ್ದು ನಿಂತು, "ನಮ್ಮ ಶಿರಸ್ತೇದಾರರಲ್ಲಿ ಇಂಥ ಪ್ರತಿಭೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಈ ಸಲ ರಾಜ್ಯೋತ್ಸವದ ಭಾಷಣ ಇವರದೇ" ಎಂದು ಘೋಷಿಸಿದರು. ರೆಕಾರ್ಡ್ ರೂಮಿಗೆ ಆಳು ಕೇಳಲು ಹೋದವನು ಮೆರವಣಿಗೆ ಸಮಿತಿಯ ಸಂಚಾಲಕನಾಗಿ ಹೊರಬಂದೆ. ನಕಲು ಶಾಖೆಯ ಎಫ್‌ಡಿಎ ಮೇಡಂ ಒಬ್ಬರು ಮಾತ್ರ ಬಾಗಿಲ ಬಳಿ ನಿಂತು, "ತುಂಬಾ ಚೆನ್ನಾಗಿ ಮಾತಾಡಿದ್ರಿ ಸಾರ್. ಮನಸ್ಸಿಗೆ ನಾಟಿತು" ಎಂದರು. ಆ ಮಾತಿನ ಮೇಲೆ ನಾನು ಒಂದು ವಾರ ಬದುಕಿದೆ. ಆ ವಾರದಲ್ಲೇ ಅವರು ಕಬ್ಬಿಣದ ರ‍್ಯಾಕುಗಳಿಗೆ ಒಂದು ಇಂಡೆಂಟ್ ತಂದಿಟ್ಟರು. ನಾನು ಅದನ್ನು ಹಿಡಿದು ತಹಶೀಲ್ದಾರರ ಕೊಠಡಿಗೆ ಎಡತಾಕಿ ಮಂಜೂರು ಮಾಡಿಸಿಕೊಂಡು ಬಂದೆ. ರ‍್ಯಾಕುಗಳು ಬಂದು ವರಾಂಡದಲ್ಲಿ ನಿಂತವು. ಜನ ಅವುಗಳ ಮೇಲೆ ಛತ್ರಿ ಒಣಗಿಸತೊಡಗಿದರು.

ಅದೇ ಹೊತ್ತಿಗೆ ನಮ್ಮನ್ನೆಲ್ಲ ಒಂದು ತರಬೇತಿಗೆ ಕರೆಸಿದರು. ಉದ್ದೇಶಪೂರ್ಣ ನಾಯಕತ್ವ ಎಂಬಂಥ ಏನೋ ಹೆಸರು. ತರಬೇತಿ ಎಂದರೆ ಮಧ್ಯಾಹ್ನದ ಊಟಕ್ಕೆ ಹೋಳಿಗೆ ಇರುತ್ತದೆಯೇ ಎಂದು ಮೊದಲು ವಿಚಾರಿಸಿಕೊಳ್ಳುವ ಪಂಗಡಕ್ಕೆ ಸೇರಿದವನು ನಾನು. ಆದರೂ ಆ ಸಲ ಮುಂದಿನ ಸಾಲಿನಲ್ಲಿ ಕೂತೆ. ತರಬೇತುದಾರರು ಪರದೆಯ ಮೇಲೆ ಮೂವರು ಕಲ್ಲುಕುಟಿಗರ ಚಿತ್ರ ತೋರಿಸಿದರು. ಕಥೆ ನಿಮಗೂ ಗೊತ್ತಿರುತ್ತದೆ. ಏನು ಮಾಡ್ತಿದೀಯಾ ಎಂದು ಕೇಳಿದರೆ ಒಬ್ಬ ಕಲ್ಲು ಒಡೀತಿದೀನಿ ಅನ್ನುತ್ತಾನೆ, ಇನ್ನೊಬ್ಬ ಹೊಟ್ಟೆ ಹೊರೀತಿದೀನಿ ಅನ್ನುತ್ತಾನೆ, ಮೂರನೆಯವನು ದೇವಸ್ಥಾನ ಕಟ್ತಿದೀನಿ ಎನ್ನುತ್ತಾನೆ. ನಾವೆಲ್ಲ ಮೂರನೆಯವನ ಹಾಗಿರಬೇಕು. ಎಲ್ಲರೂ ತಲೆಯಾಡಿಸಿದೆವು. ನಮ್ಮ ಜೀಪಿನ ಡ್ರೈವರು ಹೊರಗೆ ಸೆಕೆಯೆಂದು ಒಳಗೆ ಬಂದು ಹಿಂದಿನ ಕುರ್ಚಿಯಲ್ಲಿ ಕೂತಿದ್ದವರು, ಕೈ ಎತ್ತಿದರು.

"ಸಾರ್, ಮೂರು ಜನಕ್ಕೂ ಕೂಲಿ ಒಂದೇನಾ?"

"ಇಲ್ಲಿ ಕೂಲಿ ಮುಖ್ಯ ಅಲ್ಲಪ್ಪ."

"ಅದು ಸರಿ ಸಾರ್. ಮುಖ್ಯ ಅಲ್ಲ ಅಂದಿದ್ದು ಕೂಲಿ ಕೊಡೋರಾ, ಈಸ್ಕೊಳ್ಳೋರಾ?"

ಟೀ ವಿರಾಮವನ್ನು ಹತ್ತು ನಿಮಿಷ ಮುಂಚಿತವಾಗಿ ಘೋಷಿಸಲಾಯಿತು.

ಟೀ ಕುಡಿಯುತ್ತಾ ನನಗೆ ಬೇಲೂರಿನ ನೆನಪು ಬಂತು. ಈ ಕಲ್ಲುಕುಟಿಗರ ಕಥೆ ಕಟ್ಟಿದವರು ಬೇಲೂರನ್ನು ನೋಡಿರಲಾರರು. ಹೊಯ್ಸಳರ ಶಿಲ್ಪಿಗಳು ದೇವಸ್ಥಾನ ಕಟ್ಟುತ್ತಿದ್ದೇವೆ ಎಂದಷ್ಟೇ ಹೇಳಿ ಸುಮ್ಮನಾದವರಲ್ಲ, ಕೆತ್ತಿದ್ದರ ಬುಡದಲ್ಲಿ ಹೆಸರು ಕೊರೆದರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನ ಮದನಿಕೆಯರ ಪಾದದ ಬಳಿ ಇವತ್ತಿಗೂ ಇದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಎದುರಾಳಿ ಶಿಲ್ಪಿಗಳಿಗೆ ತಾವೆಂಥ ಗಂಡರು ಎಂದು ಸಾರುವ ಬಿರುದುಗಳನ್ನೂ ಕೆಲವರು ಕೊರೆದುಕೊಂಡಿದ್ದಾರೆ. ವಿಷ್ಣುವರ್ಧನನಿಗೆ 1117ರಲ್ಲಿ ಬೇಕಾಗಿದ್ದದ್ದು ಚೆನ್ನಕೇಶವನ ಗುಡಿ. ಚಾವಣನಿಗೆ ಪಕ್ಕದ ಕಂಬದವನು ಹೊಟ್ಟೆ ಉರಿದುಕೊಳ್ಳಬೇಕಾಗಿತ್ತು ಅಂತ ನನ್ನ ಅನುಮಾನ. ಗುಡಿಯಂತೂ ಎದ್ದು ನಿಂತಿತು. ಇದನ್ನು ತರಬೇತುದಾರರಿಗೆ ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಎರಡನೆಯ ಸಲ ಬೋಂಡಾ ಬಂತು.

ಬುದ್ಧಿ ಬರುವುದಿದ್ದರೆ ನನಗೆ ಅಲ್ಲೇ ಬರಬೇಕಾಗಿತ್ತು. ಬರಲಿಲ್ಲ. ನಮ್ಮ ಕಚೇರಿಗೆ ದಿನಾ ಸಂಜೆ ನಾಲ್ಕರ ಮೇಲೆ ಒಬ್ಬರು ಪಿಗ್ಮಿ ಕಲೆಕ್ಟರು ಬರುತ್ತಿದ್ದರು. ಕಂಕುಳಲ್ಲಿ ಚೀಲ, ಕೈಯಲ್ಲಿ ಪುಟ್ಟ ಯಂತ್ರ. ಅವರನ್ನು ಕಂಡರೆ ನನಗೆ ಒಳಗೊಳಗೇ ಅಸೂಯೆ. ನನ್ನ ಸುತ್ತೋಲೆಗೆ ಕತ್ತೆತ್ತದವರು ಅವರ ಧ್ವನಿ ಕೇಳಿದರೆ ಜೇಬಿಗೆ ಕೈ ಹಾಕುತ್ತಿದ್ದರು. ಅವರೇನೂ ಉಳಿತಾಯವೇ ರಾಷ್ಟ್ರದ ಬೆನ್ನೆಲುಬು ಎನ್ನುತ್ತಿರಲಿಲ್ಲ. ಅಟೆಂಡರ ಹತ್ತಿರ, "ಮಗಳ ಫೀಸು ಜೂನ್‌ಗೆ ಅಲ್ವಾ?" ಡ್ರೈವರ ಹತ್ತಿರ, "ಬೈಕಿನ ಇನ್ಶೂರೆನ್ಸು ಬಂತು ನೋಡಿ." ನನ್ನ ಹತ್ತಿರ ಬಂದಾಗ ಸ್ವಲ್ಪ ಹೊತ್ತು ಮುಖ ನೋಡಿ, "ಸಾರ್, ನಿಮ್ದೊಂದು ಪುಸ್ತಕ ಪ್ರಿಂಟ್ ಹಾಕಿಸ್ಬೇಕು ಅಂತಿದ್ರಲ್ಲ?" ನಾನೂ ಕೊಡುತ್ತಿದ್ದೆ.

ಈ ಪಿಗ್ಮಿ ಹುಟ್ಟಿದ್ದು ನಮ್ಮ ಕರಾವಳಿಯಲ್ಲೇ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ವೈದ್ಯರಾಗಿದ್ದ ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ತೆರೆದರು. ಆಮೇಲೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. ಕೈಮಗ್ಗದವರು ಕಷ್ಟದಲ್ಲಿದ್ದ ಕಾಲ. ಅವರಿಗೆ ಆಸರೆಯಾಗಬೇಕೆಂಬುದು ಕಟ್ಟಿದವರ ಮನಸ್ಸಿನಲ್ಲಿ ಇದ್ದದ್ದು. 1928ರಲ್ಲಿ ಪಿಗ್ಮಿ ಶುರುವಾದಾಗ ದಿನಕ್ಕೆ ಎರಡಾಣೆಯಾದರೂ ಸಾಕೆಂದು ಏಜೆಂಟರು ಮನೆ ಬಾಗಿಲಿಗೆ ಹೋದರು. ಎರಡಾಣೆ ತೆಗೆದುಕೊಟ್ಟ ನೇಕಾರರ ಮನೆಯಾಕೆಯ ತಲೆಯಲ್ಲಿ ಬ್ಯಾಂಕಿನವರ ಧ್ಯೇಯವಿತ್ತೆಂದು ನನಗನ್ನಿಸುವುದಿಲ್ಲ. ಮಗಳ ಮದುವೆಯೋ, ಸೋರುವ ಮಾಡೋ ಇದ್ದಿರಬೇಕು.

ಇನ್ನು ವಿಶ್ವೇಶ್ವರಯ್ಯನವರ ವಿಷಯಕ್ಕೆ ಬರದೆ ಮೈಸೂರು ಸೀಮೆಯ ನೌಕರನೊಬ್ಬ ಕೆಲಸದ ಬಗ್ಗೆ ಬರೆಯುವುದು ಸಾಧ್ಯವೇ? ನಮ್ಮ ಕಚೇರಿಯಲ್ಲೂ ಅವರ ಪಟ ಇತ್ತು. ಪೇಟ, ಕೋಟು, ನೇರ ನೋಟ. ಆ ನೋಟದ ಕೆಳಗೆ ಕೂತು ನಾನು ಸುತ್ತೋಲೆ ಬರೆದದ್ದು. ಅವರು 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆಗಿ ಬಂದವರು, ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟೆ ಕಟ್ಟುವ ಯೋಜನೆ ಮುಂದಿಟ್ಟರು. ಹಣಕಾಸಿನವರು ಎಲ್ಲ ಕಾಲದಲ್ಲೂ ಹಣಕಾಸಿನವರೇ. ಇದರ ಅಗತ್ಯವಿಲ್ಲ, ಅಷ್ಟೊಂದು ವಿದ್ಯುತ್ತನ್ನು ಯಾರು ಕೊಳ್ಳುತ್ತಾರೆ ಎಂದರು. ನಾನಾಗಿದ್ದರೆ ಇಲ್ಲಿ ಮಸ್ಕಿಯಿಂದ ಶುರುಮಾಡುತ್ತಿದ್ದೆ. ಅವರು ಕೋಲಾರದ ಚಿನ್ನದ ಗಣಿಯಿಂದ ಶುರುಮಾಡಿದರು.

ಗಣಿಗೆ ಶಿವನಸಮುದ್ರದಿಂದ ವಿದ್ಯುತ್ ಹೋಗಲು ಶುರುವಾಗಿದ್ದು 1902ರಲ್ಲಿ. ಬೇಸಿಗೆಯಲ್ಲಿ ಹೊಳೆ ಇಳಿದರೆ ಟರ್ಬೈನಿಗೆ ನೀರು ಸಾಲದು. ಗಣಿ ಕಂಪನಿಯವರಿಗೋ ಮೊದಲಿಗಿಂತ ಹೆಚ್ಚು ವಿದ್ಯುತ್ ಬೇಕು, ಅದೂ ವರ್ಷವಿಡೀ. ಮೇಲೆ ಒಂದು ಕಟ್ಟೆ ಕಟ್ಟಿ ನೀರು ಹಿಡಿದಿಟ್ಟರೆ ಕೆಳಗೆ ಯಂತ್ರ ನಿಲ್ಲುವುದಿಲ್ಲ, ಗಣಿಯವರು ದುಡ್ಡು ಕೊಡುತ್ತಾರೆ, ಕಟ್ಟೆಯ ಖರ್ಚಿಗೆ ಆದಾಯದ ದಾರಿಯಾಗುತ್ತದೆ. ಅದೇ ನೀರು ಮಂಡ್ಯ ಕಡೆಯ ಒಣನೆಲಕ್ಕೂ ಹೋಗುತ್ತದೆ. ಅಂದರೆ ಹಣಕಾಸಿನವರಿಗೆ ಆದಾಯ, ಗಣಿಯವರಿಗೆ ನಿಲ್ಲದ ವಿದ್ಯುತ್, ರೈತರಿಗೆ ನಾಲೆ. ಎಲ್ಲಕ್ಕೂ ಒಂದೇ ಕಟ್ಟೆ. ದಿವಾನರಾಗಿದ್ದ ಟಿ. ಆನಂದರಾವ್ ಅವರನ್ನೂ ನಾಲ್ವಡಿ ಕೃಷ್ಣರಾಜ ಒಡೆಯರನ್ನೂ ಕಂಡು ಮತ್ತೊಮ್ಮೆ ಪರಿಶೀಲಿಸಿ ಎಂದು ಕೇಳಿಕೊಂಡರು. 1911ರ ಅಕ್ಟೋಬರ್ 11ರಂದು ಮಹಾರಾಜರ ಆದೇಶ ಬಂತು, 81 ಲಕ್ಷ ರೂಪಾಯಿ ಗೊತ್ತಾಯಿತು, ಮರುತಿಂಗಳೇ ಕೆಲಸ ಹಿಡಿದರು. ಸಿಮೆಂಟು ಆಗ ನಮ್ಮಲ್ಲಿ ಸಿಗುತ್ತಿರಲಿಲ್ಲ, ತರಿಸಿದರೆ ದುಬಾರಿ. ಸುರ್ಕಿ ಗಾರೆಯಲ್ಲೇ ಕಟ್ಟಿದರು.

ಮದರಾಸಿನವರು ಮಾತ್ರ ಒಪ್ಪಲಿಲ್ಲ. ಅವರಿಗೆ ಕೊಡುವಂಥ ಕಾರಣ ಈ ಕಟ್ಟೆಯಲ್ಲಿ ಇರಲಿಲ್ಲವಲ್ಲ. ಆ ಜಗಳ 1924ರ ಒಪ್ಪಂದದ ತನಕ ಎಳೆಯಿತು, ಆಮೇಲೂ ನಿಂತಿಲ್ಲ ಎನ್ನುವುದು ಪ್ರತಿ ಬೇಸಿಗೆಯ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಇನ್ನೊಂದು ಗುಂಪೂ ಇತ್ತು. ಕನ್ನಂಬಾಡಿಯ ಊರೇ ನೀರಿನಡಿಗೆ ಹೋಯಿತು, ಜನ ಗಂಟುಮೂಟೆ ಕಟ್ಟಿಕೊಂಡು ಹೊಸ ಕನ್ನಂಬಾಡಿಗೆ ಬಂದರು. ಅವರಿಗೆ ಯಾರು, ಯಾವ ಕಾರಣ ಹೇಳಿದರೋ. ದೊಡ್ಡ ಉದ್ದೇಶಗಳ ಲೆಕ್ಕದಲ್ಲಿ ಕೆಲವರನ್ನು ಕೇಳದೆಯೇ ಬೆಂಬಲಿಗರೆಂದು ಬರೆದುಕೊಂಡುಬಿಡುತ್ತಾರೆ. ನನ್ನ ಸುತ್ತೋಲೆಯಲ್ಲಿ ಹೆರಿಗೆ ರಜೆಯವರ ಸಹಿ ಇದ್ದದ್ದು ನಗುವ ಮಾತಾಯಿತು. ಎಲ್ಲ ಕಡೆಯೂ ಅದು ನಗುವ ಮಾತಾಗಿರುವುದಿಲ್ಲ.

ಇಷ್ಟೆಲ್ಲ ಈಗ ಬರೆಯುತ್ತೇನೆ. ಆಗ ನಾನು ಮಾಡಿದ್ದು ಇನ್ನೊಂದು ಸುತ್ತೋಲೆಯ ಕರಡು. ಅದು ಟೈಪಿಗೆ ಹೋಗುವ ಮೊದಲೇ ಒಂದು ಗುರುವಾರ ಮಧ್ಯಾಹ್ನ ರೆಕಾರ್ಡ್ ರೂಮಿನಿಂದ ಮಾತು, ಕೆಮ್ಮು, ನಗೆ ಕೇಳಿಸಿತು. ಹೋಗಿ ನೋಡಿದರೆ ಅಟೆಂಡರು ಏಣಿಯ ಮೇಲೆ, ಡ್ರೈವರು ಕೆಳಗೆ ಕೈಚಾಚಿಕೊಂಡು, ಇಬ್ಬರು ಎಸ್‌ಡಿಎ ಹುಡುಗರು ನೆಲದ ಮೇಲೆ ಕಾಲು ಮಡಿಸಿ, ನಡುವೆ ನಕಲು ಶಾಖೆಯ ಮೇಡಂ. ವರಾಂಡದ ರ‍್ಯಾಕುಗಳು ಒಳಗೆ ಬಂದಿದ್ದವು. "ಒಂದು ಹೋಬಳಿ ಮಾತ್ರ ಸಾರ್, ಒಂದೇ ಗಂಟೆ" ಎಂದರು ಮೇಡಂ. ಮುಂದಿನ ಗುರುವಾರವೂ ಒಂದೇ ಗಂಟೆ. ಹೀಗೆ ಮಳೆಗಾಲ ಕಳೆಯುವಷ್ಟರಲ್ಲಿ ಅರ್ಧ ಕೋಣೆಗೆ ಸೂಚಿ ಬಂದಿತ್ತು.

ನನ್ನ ಭಾಷಣ ತಡವಾಗಿಯಾದರೂ ಫಲ ಕೊಟ್ಟಿತೆಂದು ಎದೆಯುಬ್ಬಿಸಿಕೊಂಡು ಒಬ್ಬೊಬ್ಬರನ್ನೇ ವಿಚಾರಿಸಿದೆ. ವಿಚಾರಿಸಬಾರದಾಗಿತ್ತು. ಎಸ್‌ಡಿಎ ಹುಡುಗರಿಬ್ಬರೂ ಇಲಾಖಾ ಪರೀಕ್ಷೆ ಕಟ್ಟಿದ್ದರು. ಹಳೆ ಕಡತ ಓದಿದರೆ ಕಂದಾಯ ಕಾನೂನು ಉರುಹೊಡೆಯದೆ ತಲೆಗೆ ಹತ್ತುತ್ತದೆ ಎಂದಿದ್ದರಂತೆ ಮೇಡಂ. ತಹಶೀಲ್ದಾರರಿಗೆ, ಜಮಾಬಂದಿಗೆ ಬಂದ ಸಾಹೇಬರು ಮೊದಲು ರೆಕಾರ್ಡ್ ರೂಮ್ ತೋರಿಸಿ ಅಂದರೆ ಏನು ಮಾಡ್ತೀರಿ ಸಾರ್ ಎಂದಷ್ಟೇ ಕೇಳಿದ್ದರಂತೆ. ಅಟೆಂಡರನ್ನು ಕೇಳಿದರೆ ಅವರು ಸುತ್ತಮುತ್ತ ನೋಡಿ ದನಿ ತಗ್ಗಿಸಿದರು: "ಒಳಗೆ ಮೊಬೈಲ್ ಟವರ್ ಸಿಗಲ್ಲ ಸಾರ್. ಒಂದು ಗಂಟೆ ಮನೆಯಿಂದ ಫೋನ್ ಬರಲ್ಲ."

ಡ್ರೈವರದು ಸ್ವಲ್ಪ ಉದ್ದದ ಕಥೆ. ಅವರ ಅಜ್ಜ ಗೇಣಿ ರೈತ. ಮಲೆನಾಡಿನಲ್ಲಿ ಗೇಣಿಯ ಮಾತೆತ್ತಿದರೆ ಕಾಗೋಡು ಬಂದೇ ಬರುತ್ತದೆ. 1951ರಲ್ಲಿ ಸಾಗರದ ಹತ್ತಿರ ಆ ಊರಿನ ಗೇಣಿದಾರರು ಎದ್ದು ನಿಂತದ್ದು ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ. ಒಡೆಯರ ಕೊಳಗ ದೊಡ್ಡದು ಎಂಬುದೇ ತಕರಾರು. ಮುಂದಾಳಾಗಿದ್ದ ಎಚ್. ಗಣಪತಿಯಪ್ಪನವರೂ ಬೆನ್ನಿಗೆ ನಿಂತ ಸಮಾಜವಾದಿಗಳೂ ಶೋಷಣೆ, ವರ್ಗ, ವ್ಯವಸ್ಥೆ ಎಂಬ ಮಾತುಗಳನ್ನು ಚೆನ್ನಾಗಿಯೇ ಬಲ್ಲವರು. ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಆದರೆ ಅಂಗಳದಲ್ಲಿ ನಿಂತ ರೈತನಿಗೆ ಕಣ್ಣೆದುರು ಇದ್ದದ್ದು ಕೊಳಗ. ಮುಂದೆ ದೇವರಾಜ ಅರಸರ ಕಾಲದಲ್ಲಿ 1974ರ ತಿದ್ದುಪಡಿ ಬಂತು, ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರು. ಡ್ರೈವರ ಅಜ್ಜನೂ ಕೊಟ್ಟಿದ್ದರಂತೆ. ಆಮೇಲೆ ಏನಾಯಿತೆಂದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅಪ್ಪ ಒಮ್ಮೆ ನಕಲಿಗೆ ಅರ್ಜಿ ಹಾಕಿದ್ದರು. ನಮ್ಮದೇ ಕಚೇರಿಯ ಹಿಂಬರಹ, ದೊರೆತಿರುವುದಿಲ್ಲ ಎಂದು, ಅವರ ಮನೆಯ ಟ್ರಂಕಿನಲ್ಲಿ ಇನ್ನೂ ಇತ್ತು. ಇಷ್ಟು ವರ್ಷ ನನ್ನ ಜೀಪು ಓಡಿಸಿದವರು ಇದನ್ನು ನನಗೆ ಹೇಳಿರಲಿಲ್ಲ. ಮೇಡಂಗೆ ಹೇಗೆ ಗೊತ್ತಾಯಿತು? "ಊಟದ ಹೊತ್ನಲ್ಲಿ ಕೇಳಿದ್ರು, ಹೇಳ್ದೆ" ಎಂದರು.

ಸಿಕ್ಕಿತೇ ಎಂದು ಕೇಳುತ್ತೀರಿ. ಸಿಕ್ಕಿತು, ಬೇರೆ ಹೋಬಳಿಯ ಗಂಟಿನಲ್ಲಿ. ಅಜ್ಜನ ಅರ್ಜಿ ವಜಾ ಆಗಿತ್ತು. ಡ್ರೈವರು ಆ ಆದೇಶವನ್ನು ಎರಡು ಸಲ ಓದಿ, ಮಡಿಸಿ, ಕಡತಕ್ಕೆ ಟ್ಯಾಗ್ ಹಾಕಿ ಅದರ ಜಾಗದಲ್ಲೇ ಇಟ್ಟರು. ಮುಂದಿನ ಗುರುವಾರ ಇವರು ಬರುವುದಿಲ್ಲ ಎಂದುಕೊಂಡೆ. ಬಂದರು. ಇನ್ನೇಕೆ ಬಂದಿರಿ ಎಂದು ಬಾಯಿಬಿಟ್ಟು ಕೇಳುವ ಧೈರ್ಯ ನನಗಿರಲಿಲ್ಲ. ಹುಡುಗರಲ್ಲಿ ಒಬ್ಬ ಕೇಳಿಯೇಬಿಟ್ಟ. ಡ್ರೈವರು ಗಂಟು ಬಿಚ್ಚುತ್ತಾ, "ಎಲ್ಲಾರದ್ದೂ ವಜಾ ಆಗಿರಲ್ಲ ಅಲ್ವೇನೋ" ಎಂದರು. ನನ್ನ ಎರಡು ಪುಟದ ಸುತ್ತೋಲೆಯಲ್ಲಿ ಈ ಮಾತು ಇರಲಿಲ್ಲ.

ಆದರೂ ನನಗೆ ಕಸಿವಿಸಿ. ಮನೆಗೆ ಹೋಗಿ ಹೆಂಡತಿಯ ಹತ್ತಿರ ಹೇಳಿಕೊಂಡೆ. ಟವರ್ ಸಿಗುವುದಿಲ್ಲವೆಂದು ಒಬ್ಬರು, ಪರೀಕ್ಷೆ ಪಾಸಾಗಬೇಕೆಂದು ಇಬ್ಬರು, ಸಾಹೇಬರ ಭಯಕ್ಕೆ ಒಬ್ಬರು. ನನ್ನ ಧ್ಯೇಯಕ್ಕಾಗಿ ಬಂದವರು ಒಬ್ಬರೂ ಇಲ್ಲ! ಅವಳು ಹುರುಳಿಕಾಯಿ ಸೋಸುತ್ತಾ ತಲೆ ಎತ್ತದೆ ಕೇಳಿದಳು: "ನಮ್ಮ ಮದುವೆಗೆ ಬಂದವರೆಲ್ಲ ನಮ್ಮಿಬ್ಬರ ಮೇಲಿನ ಪ್ರೀತಿಗೇ ಬಂದಿದ್ರು ಅಂದ್ಕೊಂಡಿದೀರೇನ್ರೀ? ನಿಮ್ಮ ದೊಡ್ಡಪ್ಪ ಬಂದಿದ್ದು ಹೋಳಿಗೆಗೆ. ನಮ್ಮ ಸೋದರತ್ತೆ ಬಂದಿದ್ದು ಹೊಸ ಸೀರೆ ತೋರಿಸೋಕೆ. ಮೂಲೇಲಿ ಕೂತು ಇಸ್ಪೀಟಾಡಿದವರು ಯಾರ ಕಡೆಯೋ ಇವತ್ತಿಗೂ ಗೊತ್ತಿಲ್ಲ. ಮದುವೆ ಆಯ್ತೋ ಇಲ್ವೋ?" ಆಗಿದೆ ಎಂಬುದಕ್ಕೆ ಸಾಕ್ಷಿ ಎದುರಿಗೇ ಇತ್ತು. ನಾನು ಸುಮ್ಮನೆ ಎರಡು ಹುರುಳಿಕಾಯಿ ಎಳೆದುಕೊಂಡೆ.

ಹಾಗೆ ನೋಡಿದರೆ ನನ್ನದೇನು ಕಲಬೆರಕೆಯಿಲ್ಲದ ಉದ್ದೇಶವೇ? ಕಡತ ಸಿಗದೆ ರೇಗಿದ ಜನ ಮೊದಲು ಬರುತ್ತಿದ್ದದ್ದು ನನ್ನ ಮೇಜಿಗೆ. ಬೈಗುಳ ತಪ್ಪಿದರೆ ಸಾಕಿತ್ತು ನನಗೆ. ಸುವ್ಯವಸ್ಥಿತ ಅಭಿಲೇಖಾಲಯದ ರೂವಾರಿ ಎಂದು ಜಿಲ್ಲಾ ಪತ್ರಿಕೆಯಲ್ಲಿ ಎರಡು ಸಾಲು ಬಂದರೆ ಬೇಡ ಅನ್ನುತ್ತಿರಲಿಲ್ಲ, ಫೋಟೋ ಸಮೇತ ಬಂದರೆ ಇನ್ನೂ ಬೇಡ ಅನ್ನುತ್ತಿರಲಿಲ್ಲ. ಇಷ್ಟು ಸರಕನ್ನು ಸ್ಮೃತಿಕೋಶದ ಹಿಂದೆ ಬಚ್ಚಿಟ್ಟುಕೊಂಡು ಉಳಿದವರೆಲ್ಲ ನಿಷ್ಕಾಮ ಕರ್ಮಿಗಳಾಗಿ ಬರಲಿ ಎಂದು ಕಾದಿದ್ದೆ. ಆಸೆಗೂ ಒಂದು ಮಿತಿ ಬೇಕು.

ಆ ದಿನಗಳಲ್ಲೇ ಟಿವಿಯಲ್ಲಿ 'ಮಂಥನ್' ಸಿನಿಮಾ ಮತ್ತೆ ನೋಡಿದೆ. ಶ್ಯಾಮ್ ಬೆನಗಲ್ ಅವರದು, 1976ರದ್ದು. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ಮಾಡಿಸಿದ ಚಿತ್ರ. ಕುರಿಯನ್ ಅವರ ಉಪಾಯವಂತೆ. ಬಿಡುಗಡೆಯಾದಾಗ ಹಳ್ಳಿಯವರು ಲಾರಿ ಲಾರಿಯಲ್ಲಿ ಹೋಗಿ ನೋಡಿದರು, ತಮ್ಮ ದುಡ್ಡಿನ ಸಿನಿಮಾ ಅಲ್ಲವೇ. ಅದರಲ್ಲಿ ನಮ್ಮ ಗಿರೀಶ ಕಾರ್ನಾಡರು ಡಾಕ್ಟರ್ ರಾವ್. ಪೇಟೆಯಿಂದ ಬಂದು ಹಾಲಿನ ಸಹಕಾರ ಸಂಘ ಕಟ್ಟಲು ಹೊರಟ ಪಶುವೈದ್ಯ. ಅವನ ಆದರ್ಶದ ಮಾತುಗಳನ್ನು ಹಳ್ಳಿಯವರು ನಂಬುವುದಿಲ್ಲ. ಹಿಂದೆ ಆ ಪಾತ್ರ ನೋಡಿ ಕಣ್ಣು ಒದ್ದೆ ಮಾಡಿಕೊಂಡಿದ್ದೆ. ಈ ಸಲ ಅಯ್ಯೋ ಮಾರಾಯ, ಊಟದ ಹೊತ್ತಿನಲ್ಲಿ ಹೋಗಿ ಕೇಳಬಾರದೇ ಎನ್ನಿಸಿತು. ಕೊನೆಗೆ ಅವನನ್ನು ವರ್ಗ ಮಾಡುತ್ತಾರೆ. ಸಂಘವನ್ನು ಉಳಿಸಿಕೊಳ್ಳಲು ನಿಲ್ಲುವವನು ಊರಿನವನೇ ಆದ ಭೋಲಾ, ತನ್ನದೇ ಸಿಟ್ಟಿನ ಬಲದಿಂದ.

ಸರ್ಕಾರಿ ನೌಕರನಿಗೆ ವರ್ಗಾವಣೆಯ ದೃಶ್ಯ ತೋರಿಸಬಾರದು, ಕೆಟ್ಟ ಶಕುನ. ಮುಂದಿನ ಮೇ ತಿಂಗಳಿನಲ್ಲಿ ನನ್ನ ಆದೇಶವೂ ಬಂತು. ಚಾರ್ಜ್ ಪಟ್ಟಿಯಲ್ಲಿ ಬೀಗದ ಕೈ, ಮುದ್ರೆ, ಗೋಡೆ ಗಡಿಯಾರ, ಕುರ್ಚಿಗಳನ್ನೆಲ್ಲ ಬರೆದು ಒಪ್ಪಿಸಿದೆ. ಅಟೆಂಡರು ಬಂದು ಹೊಸಬರು ಬರುವುದರೊಳಗೆ ಮೇಜನ್ನು ಮೊದಲಿನ ಹಾಗೆ ತಿರುಗಿಸಿದರು. ಗುರುವಾರದ ಗಂಟೆ ಮಾತ್ರ ನಡೆಯುತ್ತಲೇ ಇತ್ತು. ನನ್ನ ಬೀಳ್ಕೊಡುಗೆಯನ್ನೂ ಗುರುವಾರ ಇಟ್ಟುಕೊಂಡಿದ್ದರಿಂದ ಅದು ಅರ್ಧ ಗಂಟೆ ತಡವಾಗಿ ಶುರುವಾಯಿತು. ಎಲ್ಲರೂ ತಲೆಯ ಮೇಲೆ ಧೂಳು ಹೊತ್ತುಕೊಂಡೇ ಬಂದು ಹಾರ ಹಾಕಿದರು. ನಾನು ಮಾತು ಚಿಕ್ಕದಾಗಿ ಮುಗಿಸಿದೆ. ಹಲ್ಮಿಡಿಯವರೆಗೂ ಹೋಗಲಿಲ್ಲ.

ಖಾರಾಬೂಂದಿಯ ತಟ್ಟೆ ಹಿಡಿದು ನಿಂತಿದ್ದಾಗ ಮೇಡಂ ಪಕ್ಕಕ್ಕೆ ಬಂದರು. ನಿಮಗೇನು ಕಾರಣವಿತ್ತು ಎಂದು ಕೇಳಿದೆ. "ನಕಲು ಶಾಖೆ ನಂದಲ್ವಾ ಸಾರ್? ಕಡತ ಬೇಗ ಸಿಕ್ರೆ ಐದು ಹತ್ತರ ಬಸ್ಸು ಸಿಗತ್ತೆ" ಎಂದು ನಕ್ಕರು. ಅಷ್ಟೇ ಇರಲಾರದು ಅನ್ನಿಸಿತು, ಇರಲೂಬಹುದು. ಒಬ್ಬೊಬ್ಬರಿಗೂ ಒಂದೊಂದು ಕಾರಣ ಹುಡುಕಿಕೊಟ್ಟಿರಲ್ಲ ಮೇಡಂ, ನನಗೆ ಮಾತ್ರ ಏನೂ ಹೇಳಲಿಲ್ಲ ಎಂದು ಸ್ವಲ್ಪ ಮುನಿಸಿನಲ್ಲೇ ಅಂದೆ.

"ನಿಮಗೆ ಮೊದಲ್ನೇ ದಿನವೇ ಹೇಳಿದ್ನಲ್ಲ ಸಾರ್, ತುಂಬಾ ಚೆನ್ನಾಗಿ ಮಾತಾಡಿದ್ರಿ ಅಂತ" ಎಂದರು ಅವರು. "ರ‍್ಯಾಕು ಬಂದಿದ್ದು ಹೇಗೆ ಅಂದ್ಕೊಂಡ್ರಿ?"